ನೆಲಮಾಳಿಗೆಗೆ ಇಳಿಯಬಾರದ ವಿಜ್ಞಾನಿ

ಕುಸಾಕಾಬೆ ನೆಲಮಾಳಿಗೆಯ ಕೊನೆಯ ಮೆಟ್ಟಿಲಿಗೆ ಕಾಲಿಟ್ಟದ್ದಕ್ಕೂ ಒಳಗೆ ಗಾಜಿನ ಕೊಳವೆಯೊಂದು 'ಟಪ್' ಎಂದು ಬಿರಿದದ್ದಕ್ಕೂ ಸರಿಹೋಯಿತು.

"ಕುಸಾಕಾಬೆ ಬಂದನಾ?" ಒಳಗಿನಿಂದ ಪ್ರೊಫೆಸರ್ ಹನಿಯು ಕೇಳಿದರು.

"ಬಂದೆ, ಸೆನ್ಸೇ," ಎಂದು ಅವನು ಗುರುಗಳಿಗೆ ಉತ್ತರಿಸಿದ.

"ಗೊತ್ತಾಯ್ತು. ಕೊಳವೆ ಹೇಳ್ತು. ಮೇಲೆ ಹೋಗಪ್ಪಾ, ನಿನ್ನ ದಮ್ಮಯ್ಯ ಅಂತೀನಿ!"

ಜಪಾನಿನ ಮತ್ಸುಮೊತೊ ಊರಾಚೆಯ ಆ ಭೌತಶಾಸ್ತ್ರ ಸಂಶೋಧನಾಲಯದಲ್ಲಿ ಎರಡು ಪಂಗಡ. ಮಹಡಿಯ ಮೇಲೆ ಸೀಮೆಸುಣ್ಣ ಹಿಡಿದು ಲೆಕ್ಕ ಮಾಡುವ ಸಿದ್ಧಾಂತಿಗಳು. ಕೆಳಗೆ ಪಂಪು, ತಂತಿ, ಗಾಜುಗಳ ಜೊತೆ ಗುದ್ದಾಡುವ ಪ್ರಯೋಗದವರು. ಸಿದ್ಧಾಂತಿ ಕಾಲಿಟ್ಟಲ್ಲಿ ಉಪಕರಣ ಉಳಿಯದು ಎನ್ನುವುದು ಪ್ರಯೋಗಶಾಲೆಗಳ ಹಳೆಯ ಮಾತು. ಯುರೋಪಿನ ಮಹಾ ವಿಜ್ಞಾನಿ ಪೌಲಿಯ ಬಗ್ಗೆಯೂ ಹೀಗೇ ಹೇಳುತ್ತಿದ್ದರಂತೆ. ಆದರೆ ಪೌಲಿಗೆ ನೊಬೆಲ್ ಬಂದಿತ್ತು, ಹಾಗಾಗಿ ಒಡೆದದ್ದೆಲ್ಲ ರಸವತ್ತಾದ ಕತೆಯಾಯಿತು. ಪಾಪ, ಮಹಡಿಯ ಸಿದ್ಧಾಂತಿ ಕುಸಾಕಾಬೆಗೆ ಇನ್ನೂ ಏನೂ ಬಂದಿರಲಿಲ್ಲ. ಅವನು ಒಡೆದದ್ದು ಬರೀ ಒಡೆದದ್ದೇ.

ಅವನಿಗೆ ಇವತ್ತು ಕೆಳಗಿಳಿಯದೆ ವಿಧಿಯಿರಲಿಲ್ಲ. ಲೋಹವೊಂದನ್ನು ಮೈ ಕೊರೆಯುವ ಚಳಿಗೆ ಇಳಿಸಿ ಮೆಲ್ಲಗೆ ಬಿಸಿಯೇರಿಸಿದರೆ, ಅದರ ವಿದ್ಯುತ್ ರೋಧವನ್ನು ತೋರುವ ಗೆರೆಯಲ್ಲಿ ಒಂದು ಕಡೆ ಸಣ್ಣ ಉಬ್ಬು ಏಳಬೇಕು ಎಂದು ನಾಲ್ಕು ವರ್ಷ ಕೂತು ಲೆಕ್ಕ ಮಾಡಿದವನು ಅವನು. ಅಳತೆಯ ಯಂತ್ರದ ಲೇಖನಿ ಕಾಗದದ ಸುರುಳಿಯ ಮೇಲೆ ಆ ಉಬ್ಬನ್ನು ಹತ್ತಿ ಇಳಿಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಅಷ್ಟೇ. ಕಾಗದವನ್ನು ನಾಳೆ ಮೇಲಕ್ಕೆ ಕಳಿಸುತ್ತಾರೆ, ನಿಜ. ಆದರೆ ಮದುವೆಯ ಫೋಟೊ ನೋಡಿದವನು ಮದುವೆಗೆ ಹೋದ ಹಾಗಾಗುತ್ತದೆಯೇ? ಆ ಚಳಿ ತರಲು ರೈಲಿನಲ್ಲಿ ಬಂದಿದ್ದ ದ್ರವ ಹೀಲಿಯಂ ಸಂಜೆ ಆರಕ್ಕೆ ಮುಗಿಯುತ್ತಿತ್ತು. ಮತ್ತೆ ಬರುವುದು ಚಳಿಗಾಲ ಕಳೆದ ಮೇಲೆ.

"ಒಂದೇ ಸಲ ನೋಡ್ಕೊಂಡು ಹೋಗ್ತೀನಿ, ಸೆನ್ಸೇ. ಕೈ ಬೇಕಾದ್ರೆ ಕಟ್ಟಿಹಾಕಿ," ಎಂದು ಕುಸಾಕಾಬೆ ಮೆಟ್ಟಿಲ ಮೇಲಿಂದಲೇ ಅಂಗಲಾಚಿದ.

ಸಹಾಯಕಿ ಒರಿಹಾರಾಗೆ ಕನಿಕರ ಬಂತು. "ಸೆನ್ಸೇ, ನಾವು ವಿಜ್ಞಾನಿಗಳು. ಇವರು ಬಂದ್ರೆ ಕೆಡುತ್ತೆ ಅನ್ನೋದಕ್ಕೆ ಆಧಾರ ಏನಿದೆ? ಪರೀಕ್ಷೆ ಮಾಡೇ ಬಿಡೋಣ."

"ನಾನೇನು ಮೂಢನಂಬಿಕೆಯವನಲ್ಲ," ಎಂದರು ಹನಿಯು, ಪಂಪಿಗೆ ಕಟ್ಟಿದ್ದ ದೇಗುಲದ ತಾಯಿತವನ್ನು ನೇರ ಮಾಡುತ್ತ. "ಆದ್ರೆ ಸರಿಯಾಗಿ ಮಾಡ್ಬೇಕು. ದೂರದಿಂದ ಹತ್ತಿರಕ್ಕೆ. ಒಂದು ಸಲಕ್ಕೆ ಒಂದೇ ಬದಲಾವಣೆ."

ಮೆಕ್ಯಾನಿಕ್ ತೊಗಾಶಿ ಗೊಣಗುತ್ತಲೇ ಹೊಸ ಕೊಳವೆ ಕೂರಿಸಿದ. ಆಮೇಲೆ ಅಳತೆಯ ಟೇಪು ಹಿಡಿದು ಕುಸಾಕಾಬೆಯನ್ನು ಅಂಗಳದ ಹಿಮದಲ್ಲಿ, ಇಪ್ಪತ್ತು ಮೀಟರ್ ದೂರದ ಪರ್ಸಿಮನ್ ಮರದ ಕೆಳಗೆ ನಿಲ್ಲಿಸಿ ಬಂದ. ಲೇಖನಿ ನಡುಗಿತು. ಹತ್ತು ಮೀಟರಿಗೆ ಕರೆತಂದರು, ಫ್ಯೂಸ್ ಹೋಯಿತು.

"ಅವರ ಕನ್ನಡಕ ತೆಗೆಸಿ ನೋಡ್ರೀ!" ಮಹಡಿಯ ಕಿಟಕಿಯಿಂದ ಯಾರೋ ಕೂಗಿದರು.

ಕನ್ನಡಕ ತೆಗೆಸಿದರು. ಗುಣ ಕಾಣಲಿಲ್ಲ. ಕನ್ನಡಕ ಹಾಕಿಸಿ ಸ್ವೆಟರ್ ಬಿಚ್ಚಿಸಿದರು. ಸ್ವೆಟರ್ ಹಾಕಿಸಿ ಬೂಟು ಬಿಚ್ಚಿಸಿದರು. ಪ್ರತಿ ಸಲವೂ ಒರಿಹಾರಾ ಕಿರುಕಿಟಕಿಯಿಂದ ತಲೆ ಹಾಕಿ, "ಕ್ಷಮಿಸಿ, ಹಾಗೇ ಇದೆ," ಎನ್ನುತ್ತಿದ್ದಳು. ಮಧ್ಯಾಹ್ನವಾಯಿತು. ಅಡುಗೆಮನೆಯ ಒತೊಮೆ ಅಜ್ಜಿ ಹಬೆಯಾಡುವ ಸೋಬಾ ಶಾವಿಗೆಯ ಬಟ್ಟಲು ಹಿಡಿದು ಓಡಿಬಂದಳು.

"ಮಗು ಹಿಮದಲ್ಲಿ ಸೆಟೆದು ಹೋಗ್ತಿದೆ! ಎರಡು ತುತ್ತು ತಿನ್ನಲಿ ಬಿಡ್ರಯ್ಯಾ!"

"ಬೇಡ ಅಜ್ಜಿ!" ನೆಲಮಾಳಿಗೆಯಿಂದ ಹನಿಯು ಚೀರಿದರು. "ಈಗಷ್ಟೇ ಬೂಟು ಬದಲಾಯಿಸಿದ್ದೀವಿ. ಸೋಬಾ ಸೇರಿದ್ರೆ ಎರಡು ಬದಲಾವಣೆ ಆಗುತ್ತೆ!"

ಅಜ್ಜಿ ಬಟ್ಟಲು ವಾಪಸು ಒಯ್ದಳು. ಹೋಗುವಾಗ ಇಡೀ ಭೌತಶಾಸ್ತ್ರಕ್ಕೆ ಶಾಪ ಹಾಕಿಯೇ ಹೋದಳು.

ನಾಲ್ಕು ಗಂಟೆಗೆ ಅಂತೂ ಕುಸಾಕಾಬೆಯನ್ನು ಒಳಕ್ಕೆ ಬಿಟ್ಟರು. ಸಂಶೋಧನಾಲಯ ಸೇರಿದ ಆರು ವರ್ಷಗಳಲ್ಲಿ ಮೊದಲ ಸಲ ಅವನು ಆ ಯಂತ್ರದ ಮುಂದೆ ನಿಂತ. ಹಸಿವು, ಚಳಿ ಎಲ್ಲ ಮರೆತುಹೋಯಿತು. ಲೇಖನಿಯ ಕಡೆಗೆ ಆಸೆಯಿಂದ ಬಗ್ಗಿ ನೋಡಿದ. ಲೇಖನಿ ಮೆಣಸಿನಕಾಯಿ ಕಚ್ಚಿದವರಂತೆ ಕುಣಿದು ಕಾಗದದಿಂದಲೇ ಆಚೆ ಹಾರಿತು.

"ಮುಗೀತು," ಎಂದು ಹನಿಯು ಸ್ಟೂಲಿನ ಮೇಲೆ ಕುಸಿದರು. "ಹೀಲಿಯಂ ಇನ್ನು ಎರಡು ಗಂಟೆಗಿದೆ, ಅಷ್ಟೇ."

ನಾಲ್ಕು ವರ್ಷದ ಕೆಲಸ ತನ್ನಿಂದಲೇ ಹಾಳಾಯಿತಲ್ಲ ಎಂದು ಕುಸಾಕಾಬೆಗೆ ನಿಜಕ್ಕೂ ಅಳು ಬಂತು. ಯಾರಿಗೂ ಕಾಣಬಾರದೆಂದು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

"ಸೆನ್ಸೇ!" ಒರಿಹಾರಾ ಪಿಸುಗುಟ್ಟಿದಳು. "ಲೇಖನಿ ನೋಡಿ!"

ಲೇಖನಿ ತಾನಾಗಿ ಕಾಗದಕ್ಕೆ ಮರಳಿ, ಕೆನೆ ಕುಡಿದ ಬೆಕ್ಕಿನ ಹಾಗೆ ಸದ್ದಿಲ್ಲದೆ, ನೇರವಾಗಿ ಸಾಗುತ್ತಿತ್ತು. ಅಷ್ಟು ಶುದ್ಧ ಗೆರೆಯನ್ನು ಆ ಯಂತ್ರ ಹುಟ್ಟಿದಾಗಿನಿಂದ ಎಳೆದಿರಲಿಲ್ಲ.

"ಏನಾಯ್ತು?" ಎಂದು ಕುಸಾಕಾಬೆ ತಿರುಗಿದ. ಲೇಖನಿ ಕುಣಿಯಿತು.

"ಗೋಡೆ! ಗೋಡೆ ನೋಡಯ್ಯಾ!"

ತಿರುಗಿದ. ಲೇಖನಿ ತಣ್ಣಗಾಯಿತು. ಹನಿಯು ಎಷ್ಟೆಂದರೂ ವಿಜ್ಞಾನಿ; ಒಂದು ಸಲಕ್ಕೆ ನಂಬುವವರಲ್ಲ. ಏಳು ಸಲ ತಿರುಗಿಸಿ ನೋಡಿದರು. ಏಳಕ್ಕೆ ಏಳೂ ಹಾಗೇ ಆಯಿತು. ಕುಸಾಕಾಬೆ ಹೊರಗೆ ಹೋದರೆ ಗೆರೆ ನಡುಗುತ್ತದೆ, ಒಳಗಿದ್ದು ನೋಡಿದರೆ ಕುಣಿಯುತ್ತದೆ, ಒಳಗಿದ್ದೂ ನೋಡದಿದ್ದರೆ ಬಂಗಾರ. ತೊಗಾಶಿ ಕುರ್ಚಿ ತಂದು ಗೋಡೆಗೆ ಮುಖ ಮಾಡಿ ಹಾಕಿದ.

ಐದೂವರೆಗೆ ಕುಸಾಕಾಬೆಯ ಬೆನ್ನ ಹಿಂದೆ ಒರಿಹಾರಾಳ ಸಣ್ಣ ಕೂಗು: "ಏಳ್ತಾ ಇದೆ! ಉಬ್ಬು ಏಳ್ತಾ ಇದೆ!"

"ಹೇಗಿದೆ? ಹೇಗಿದೆ ಹೇಳ್ರೀ!" ಕುಸಾಕಾಬೆ ಗೋಡೆಯನ್ನು ಕೇಳಿದ. ಅವನ ಕತ್ತು ತಾನಾಗಿ ಹೊರಳತೊಡಗಿತು. ಹೊರಳಿದರೆ ಉಬ್ಬಿಲ್ಲ, ಹೊರಳದಿದ್ದರೆ ನೋಟವಿಲ್ಲ. ಎರಡೂ ಕೈಯಿಂದ ತನ್ನ ತಲೆಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡು ಕೂತ.

"ಅದ್ಭುತವಾಗಿದೆ ಕಣಯ್ಯಾ," ಎಂದರು ಹನಿಯು. "ನೀನು ಲೆಕ್ಕ ಹಾಕಿದ ಕಡೆಯೇ ಎದ್ದಿದೆ. ತಿರುಗಬೇಡ."

ಆರಕ್ಕೆ ಹೀಲಿಯಂ ಮುಗಿಯಿತು. ಹನಿಯು ಸಂತೋಷ ತಡೆಯಲಾರದೆ ಟೋಕಿಯೋದ ಗೆಳೆಯರಿಗೆ ಫೋನು ಮಾಡಿ ಎಲ್ಲವನ್ನೂ ವಿವರವಾಗಿ ಹೇಳಿದರು. ಬಹಳ ಹೊತ್ತು "ಹೌದು, ಹೌದು" ಎಂದರು. ಆಮೇಲೆ ಫೋನಿನ ಬಾಯಿಗೆ ಕೈ ಮುಚ್ಚಿ, ಕುಸಾಕಾಬೆಯನ್ನು ಮೊಟ್ಟಮೊದಲ ಬಾರಿಗೆ ಗೌರವದಿಂದ ನೋಡಿದರು.

"ಅವರಲ್ಲಿ ಹೊಸ ಯಂತ್ರ ಬಂದಿದೆಯಂತೆ. ನೀವು ಲೆಕ್ಕ ಹಾಕಿದ ಇನ್ನೊಂದು ಉಬ್ಬನ್ನ ಹುಡುಕ್ತಾರಂತೆ. ಎರಡು ವಾರ ಹೋಗಿ ಬರ್ತೀರಾ, ಕುಸಾಕಾಬೆಯವರೇ? ಊಟ, ವಸತಿ, ಗೋಡೆ ಎಲ್ಲಾ ಅವರದ್ದೇ."