ಹೆಳವಜ್ಜನ ವಂಶಾವಳಿಗೆ ಬಡಿದ ತೆಂಗಿನಕಾಯಿ

ಗೋಕಾಕದಾಗ ಡಿಟಿಪಿ ಅಂಗಡಿ ಇಟ್ಟಾವ್ಗ ನಗಾಕ ಬ್ಯಾರೆ ಏನೂ ಬೇಕಾಗಂಗಿಲ್ರಿ. ಲಗ್ನಪತ್ರಿಕಿ ಟೈಪ್ ಮಾಡ್ಕೋತ ಕುಂತ್ರ ಸಾಕು, ಫಜೀತಿ ತಾನಾಗೇ ಬಾಗಲಾ ಬಡೀತೈತಿ. ಎರಡು ಸಾವಿರದ ಇಸ್ವಿ ಆಜೂಬಾಜೂ ಆದ ಒಂದು ಫಜೀತಿ ಮಾತ್ರ ಇನ್ನೂ ಮರ್ತಿಲ್ಲ. ಅದರಾಗ ಶ್ಯಾಣ್ಯಾರು ಇಬ್ಬರಿದ್ರು, ಮಬ್ಬ ನಾ ಒಬ್ಬನ.

೧. ಹೊತ್ತಿಗಿ ಹೊಳಿಗೆ

ಹೆಳವರು ಗೊತ್ತಲ್ರಿ? ಎತ್ತಿನ ಮ್ಯಾಲ ಊರೂರು ತಿರುಗಿ, ಮನಿ ಬಾಗಲಾದಾಗ ನಿಂತು, ಆ ಮನಿತನದ ವಂಶಾವಳಿ ಓದೋರು. ಯಾರ ಹೊಟ್ಟಿಲೆ ಯಾರು ಹುಟ್ಟಿದ್ರು, ಯಾವ ಊರಿಂದ ಬಂದ್ರು, ಎಲ್ಲಾ ಅವರ ಹೊತ್ತಿಗ್ಯಾಗ ಇರತೈತಿ. ನಮ್ಮ ಕಡೆ ಬರೋ ಹೆಳವಜ್ಜಗ ಮೂಡಲಗಿ, ಮೇಲವಂಕಿ, ಹುಕ್ಕೇರಿ ಕಡೆ ಅರವತ್ತು ಮನಿ, ನಮ್ಮ ಮನೀನೂ ಅದರಾಗ ಒಂದು. ಹೊತ್ತಿಗಿ ಇಲಿ ಕಡಿಯಾಕತ್ತಿದ್ವು ಅಂತ ಅಂಗಡಿಗೆ ತಂದ.

"ತಮ್ಮಾ, ಇದನ್ನ ನಿನ್ನ ಡಬ್ಬ್ಯಾಗ ಹಾಕು," ಅಂತ ಕಂಪ್ಯೂಟರ್ ಕಡೆ ಬೆರಳ ಮಾಡಿದ.

ನಾಕು ತಿಂಗಳ ಅವ ಓದಿದ, ನಾ ಟೈಪ್ ಬಡದ್ಯಾ. ಏನ್ ಧ್ವನಿ ಅಂತೀರಿ! ಓಣಿ ಮಂದಿ ಕೆಲಸಾ ಬಿಟ್ಟು ಬಂದು ನಿಲ್ತಿದ್ರು. ಹಾಡಿನ ಧಾಟಿ ಬಾಯಾಗ ಇತ್ತು, ಹೆಸರು ಮಾತ್ರ ಹೊತ್ತಿಗ್ಯಾಗ. ಕಡೀ ಪುಟ ಮುಗಿದ ಮರುದಿನ ಅಜ್ಜ ಬರಿಗೈಲೆ ಬಂದ.

"ಹೊತ್ತಿಗಿ ಎಲ್ಲೈತಿ ಅಜ್ಜಾ? ಪ್ರಿಂಟ್ ತಗ್ಯೂಕಿಂತ ಮೊದಲ ತಪ್ಪು ತಿದ್ದಬೇಕು."

"ಹರಕ ಹೊತ್ತಿಗಿ ಮನ್ಯಾಗ ಇಡಬಾರದಪಾ. ಅರಿಷಿಣ-ಕುಂಕುಮ ಹಚ್ಚಿ ಘಟಪ್ರಭಾಕ್ಕ ಬಿಟ್ಟು ಬಂದ್ಯಾ. ಎಲ್ಲಾ ನಿನ್ನ ಡಬ್ಬ್ಯಾಗ ಐತಲ್ಲ!"

ಅರವತ್ತು ಮನಿತನದ ಹಿರ್ಯಾರು ಹೊಳ್ಯಾಗ ಜಳಕಕ್ಕ ಇಳದಿದ್ರು, ಅವರ ಬಟ್ಟಿಬರಿ ಕಾಯೂ ಕೆಲಸ ನನ್ನ ಪಾಲಿಗೆ ಬಂದಿತ್ತು.

೨. ಖಂಡೆಪೂಜಿ

ಅಜ್ಜ ಹಂಗ ಬರಿಗೈಲೆ ಬಂದದ್ದು ಖಂಡೆಪೂಜಿ ದಿನ. ಅವತ್ತು ನಮ್ಮಲ್ಲಿ ಕುಡಗೋಲಿನಿಂದ ಹಿಡದು ಟ್ರ್ಯಾಕ್ಟರ್ ತನಕ ಎಲ್ಲಾಕೂ ಪೂಜಿ. ನಾನೂ ಕಂಪ್ಯೂಟರಿಗೆ ವಿಭೂತಿ ಎಳದು, ಚೆಂಡುಹೂ ಏರಿಸಿ, ಜೀವ ಇದ್ದಾಗ ಪೂಜಿ ಆಗ್ಲಿ ಅಂತ ಚಾಲೂನ ಇಟ್ಟಿದ್ದೆ. ಕಾಯಿ ಎಲ್ಲಿ ಒಡೀಬೇಕು? ಟ್ರ್ಯಾಕ್ಟರಿಗೆ ಬಂಪರ್ ಇರತೈತಿ, ಇದಕ್ಕೇನೈತಿ? ಡಬ್ಬಿಯ ಕಬ್ಬಿಣದ ಮೂಲಿಗೇ ಬಡದ್ಯಾ. ಒಂದ ಏಟಿಗೆ ಒಡೀಲಿಲ್ಲ. ಎರಡಕ್ಕೂ ಇಲ್ಲ. ಮೂರನೇದಕ್ಕ ಕಾಯಿ ಎರಡು ಹೋಳಾತು, ಪಡದೆ ನೀಲಿ ಆತು, ಒಳಗಿಂದ "ಟಕ್, ಟಕ್, ಟಕ್" ಸುರು ಆತು.

ಅಜ್ಜ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದ.

"ನೋಡ್ ತಮ್ಮಾ, ಪೂಜಿ ಮುಟ್ಟೈತಿ. ದೇವರು ಒಳಗಿಂದ ಗಂಟಿ ಬಾರಿಸಾಕತ್ತಾನ!"

೩. ಭಕ್ತಿಯ ಪೆಟ್ಟು

ಅದು ಗಂಟಿ ಅಲ್ಲ, ಹೊತ್ತಿಗಿ ತುಂಬಿಟ್ಟ ಹಾರ್ಡ್ ಡಿಸ್ಕ್ ಕೆಟ್ಟ ಸದ್ದು ಅಂತ ಖರೆ ಸಂಗತಿ ಹೇಳಿದ್ಮ್ಯಾಲ ಅಜ್ಜನ ಮಾರಿ ಬಾಡಿ ಹೋತು. "ಇದು ಹೋದ್ರ ನಾ ಯಾರ ಬಾಗಲಾದಾಗ ನಿಂತು ಏನ್ ಹೇಳ್ಲಿ?" ಅಂದ. ನನಗ ಅಳೂನ ಬಂತು. ಇಬ್ಬರೂ ಹಾರ್ಡ್ ಡಿಸ್ಕ್ ಬಿಚ್ಕೊಂಡು ಹುಕ್ಕೇರಿ ಬಸ್ ಹಿಡದ್ವಿ.

ಅಲ್ಲೊಬ್ಬ ರಿಪೇರಿ ಕಾಕಾ ಇದ್ದ. ಸಾಲಿ ಏಳನೇತ್ತೆ ತನಕ. ಪಂಪ್‌ಸೆಟ್ ಮೋಟರ್ ಕಟ್ಟಿ ಕಟ್ಟಿ, ತಾನಾಗೇ ಕಂಪ್ಯೂಟರ್ ಕಲತಾಂವ. ಸಂಕೇಶ್ವರದ ಶ್ರೀಮಂತ ಅಂಗಡಿಯವ್ರೂ ಕೈಮುಗದು ಅವನ ಕಡೇನ ಬರ್ತಿದ್ರು. ಸ್ಕ್ರೂಡ್ರೈವರಿನ ತುದಿ ಡಿಸ್ಕಿಗೆ, ಹಿಡಿಕಿ ಕಿವಿಗೆ ಹಚ್ಚಿ ಕೇಳಿದ.

"ಬಡದೀರಿ."

"ಇಲ್ರಿ ಕಾಕಾ, ಪೂಜಿ ಮಾಡೇನ್ರಿ."

"ಹಂಗಾದ್ರ ಭಕ್ತಿಲೆ ಬಡದೀರಿ."

ಬಿಸಿ ಆದ ಕೂಡಲೇ ನಿಲ್ಲತೈತಿ, ತಂಪು ಮಾಡಿದ್ರ ಜರಾ ಓಡಬಹುದು ಅಂತ ಅವನ ಲೆಕ್ಕ. ಡಿಸ್ಕನ್ನ ಪ್ಲಾಸ್ಟಿಕ್ ಚೀಲದಾಗ ಗಾಳಿ ಹೋಗಧಂಗ ಸುತ್ತಿ, ಬಾಜೂಕಿನ ಐಸ್‌ಕ್ಯಾಂಡಿ ಅಂಗಡಿ ಪೆಟಗ್ಯಾಗ ಇಟ್ಟ. ಎರಡು ತಾಸಿನ ಮ್ಯಾಲ ತಗದು ಹಚ್ಚಿದ್ರ, ಯಪ್ಪಾ, ಓಡಿತ್ರಿ! ಒಂದು ಮನಿತನದ ಫೈಲ್ ಕಾಕಾನ ಕಂಪ್ಯೂಟರಿಗೆ ಬಂತು. ಕಾಲು ತಾಸಿಗೆ ಮತ್ತ ಟಕ್ ಟಕ್. ಮತ್ತ ಪೆಟಗಿಗೆ. ಯಾರರ ತಿಂಡಿ ಅಂತ ತಗದಾರು ಅಂತ ಕಾಕಾ ಚೀಲದ ಮ್ಯಾಲ ಚೀಟಿ ಅಂಟಿಸಿದ: "ಇದು ಕ್ಯಾಂಡಿ ಅಲ್ಲ. ಒಳಗ ಮಂದಿ ಅದಾರ."

೪. ಕಡೀ ಪಂಗತಿ

"ಎಷ್ಟೊತ್ತು ಬದಕತೈತೋ ಗೊತ್ತಿಲ್ಲ. ಯಾವ ಮನಿ ಮೊದಲ ತಗೀಲಿ?" ಅಂತ ಕಾಕಾ ಕೇಳಿದ.

ಕಾಳು-ಕಡಿ ಜಾಸ್ತಿ ಕೊಡೋ ಮನಿ ಹೇಳ್ತಾನ ಅಂತ ನಾ ತಿಳದಿದ್ದೆ. ಅಜ್ಜ ಅಂದ, "ಮುದುಕರು ಇರೋ ಮನಿ ಮೊದಲ ತಗೀರಿ. ಅವರಿಗೆ ಮತ್ತೊಮ್ಮಿ ಕೇಳಾಕ ಹೊತ್ತಿಲ್ಲ."

ನನಗ ಅಜ್ಜನ ಕಾಲಿಗೆ ಬೀಳಬೇಕು ಅನಿಸ್ತು. ಅದ ಹುರುಪಿನ್ಯಾಗ ನಾನೂ ದೊಡ್ಡಮನಸ ತೋರಿಸಿದ್ಯಾ. "ನಮ್ಮ ಮನಿದು ಕಡೀಕಿರ್ಲಿ. ಊಟಾ ಹಾಕೋ ಮನಿಯವ್ರು ಕಡೀ ಪಂಗತ್ಯಾಗ ಕುಂದರಬೇಕು."

ಒಂದು ವಾರ ಕಾಕಾ ಬ್ಯಾರೆ ಕೆಲಸ ಮುಟ್ಟಲಿಲ್ಲ. ಒಂದೊಂದ ಮನಿತನ ತಗದು ತಗದು ಐವತ್ತೊಂಬತ್ತು ಪಾರು ಮಾಡಿದ. ಪ್ರತಿ ಫೈಲ್ ಬಂದಾಗೂ ಅಜ್ಜ ಅವನ ಕೈ ಕಣ್ಣಿಗೆ ಒತ್ತಿಕೊಳ್ತಿದ್ದ. ಕಡೀಕ ನಮ್ಮ ಮನಿದು. ಒಂದ ಸಾಲು ಬಂತು. ಟಕ್ ಅಂತು. ಆಮ್ಯಾಲ ಆ ಡಿಸ್ಕ್ ಯಾವ ಥಂಡಿಗೂ ಏಳಲಿಲ್ಲ.

ಕಾಕಾ ಕೈ ಒರಿಸಿಕೊಂಡ. "ಕಡೀ ಪಂಗತಿಗೆ ಹುಗ್ಗಿ ಮುಗೀತ್ ನೋಡ್ರಿ."

೫. ನಮ್ಮ ಬಾಗಲಾದಾಗ

ದೀಪಾವಳಿ ಮುಂದ ಅಜ್ಜ ನಾ ಪ್ರಿಂಟ್ ತಗದುಕೊಟ್ಟ ಹೊಸಾ ಹೊತ್ತಿಗಿ ಬಗಲಾಗ ಹಿಡಕೊಂಡು ನಮ್ಮ ಬಾಗಲಾಕ ಬಂದ. ಓಣಿ ಮಂದಿ ಕೂಡಿತು. ನಮ್ಮಪ್ಪ ಪಟಗಾ ಸುತ್ತಿಕೊಂಡು, ಹಿರ್ಯಾರ ಹೆಸರು ಕೇಳಾಕ ಕಟ್ಟಿ ಮ್ಯಾಲ ಗತ್ತಿಲೆ ಕುಂತ. ಅಜ್ಜ ಪುಟ ತಗದು ಎತ್ತರ ಧ್ವನಿ ತಗದ.

"ಕೇಳ್ರೆಪ್ಪೋ ಕೇಳ್ರಿ! ಈ ಮನಿತನದ ಮೂಲಪುರುಷ..."

ಅಂದು ನನ್ನ ಹೆಸರು ಹೇಳಿದ! ಉಳಕೊಂಡ ಆ ಒಂದ ಸಾಲು ನಮ್ಮ ವಂಶಾವಳಿಯ ಕಡೀ ಸಾಲು, ಅದರಾಗ ಇದ್ದದ್ದು ನನ್ನ ಹೆಸರ. ಮಂದಿ ಹೋ ಅಂತ ನಕ್ತು. ನಮ್ಮಪ್ಪ ಧಡಕ್ಕನ ಎದ್ದು ನಿಂತ.

"ಏ ಅಜ್ಜಾ! ನನ್ನ ಮಗಾ ಮೂಲಪುರುಷ ಆದ್ರ, ನಾ ಯಾರಪಾ?"

ಹೊತ್ತಿಗ್ಯಾಗ ಇಲ್ಲದ್ದನ್ನ ಅಜ್ಜ ಜೀವ ಹೋದ್ರೂ ಓದೋ ಪೈಕಿ ಅಲ್ಲ. ಪುಟ ಹಿಂದ ಮುಂದ ತಿರುವಿ ನೋಡಿದ, ಕಣ್ಣು ಸಣ್ಣ ಮಾಡಿದ, ಆಮ್ಯಾಲ ಭಾಳ ಮರ್ಯಾದಿಲೆ ಹೇಳಿದ:

"ನೀವು ಅದಕ್ಕೂ ಹಿಂದಿನವ್ರು ಯಪ್ಪಾ, ಪುರಾಣ ಕಾಲದವ್ರು. ನೀವು ಇದ್ರಿ ಅನ್ನಾಕ ಇನ್ನೂ ಪುರಾವೆ ಸಿಕ್ಕಿಲ್ರಿ."