ಮಗ್ಗದ ಖೋಲಿಯ ಕಾಣದ ಗ್ಯಾಸು

ಬನಹಟ್ಟಿಯ ಹೈಸ್ಕೂಲಿನ ವಿಜ್ಞಾನ ಮಾಸ್ತರ ಶಿವಯೋಗಿ ಒಂದು ಭಾನುವಾರ ಮುಂಜಾನೆ ಉಪ್ಪಿಟ್ಟಿನ ತಾಟು ಮುಂದಿಟ್ಟುಕೊಂಡೇ ಭೀಷಣ ಪ್ರತಿಜ್ಞೆ ಮಾಡಿದರು. ಮನೆಯೊಳಗಿನ ರೇಡಾನ್ ಅನಿಲವನ್ನು ಹಿಡಿದು, ಅಳೆದು, ಹೊರಗಟ್ಟುವವರೆಗೆ ತಮಗೆ ನಿದ್ದೆಯಿಲ್ಲ! ಇಂಥ ಪ್ರತಿಜ್ಞೆ ಊರಲ್ಲಿ ಇದುವರೆಗೆ ಯಾರೂ ಮಾಡಿರಲಿಲ್ಲ. ಮಾಡಬೇಕೆಂದು ಯಾರಿಗೂ ಅನಿಸಿಯೂ ಇರಲಿಲ್ಲ.

"ಅದು ನೆಲದಾಗಿಂದ ಬರತೈತಿ. ಬಣ್ಣಿಲ್ಲ, ವಾಸನಿಲ್ಲ. ಗಾಳಿ ಆಡದ ಖೋಲಿಯಾಗ ತುಂಬಕೊಂಡು, ವರ್ಷಗಟ್ಲೆ ಉಸರಾಡಿದ್ರ ಶ್ವಾಸಕೋಶ ಕೆಡಸತೈತಿ," ಎಂದು ಹೆಂಡತಿ ಅಕ್ಷತಾಗೆ ಪಾಠ ಹೇಳಿದರು.

ಅವರ ಚಿಂತೆಯೆಲ್ಲ ತಾಯಿ ಹಾಲವ್ವನದು. ಆಕೆ ಮಲಗುವುದು ಹಿಂದಿನ ಖೋಲಿಯಲ್ಲಿ. ಅಜ್ಜನ ಕಾಲದಲ್ಲಿ ಅಲ್ಲಿ ಕುಣಿಮಗ್ಗವಿತ್ತು. ನೇಕಾರ ಕಾಲಿಳಿಬಿಡುತ್ತಿದ್ದ ಆ ಕುಣಿಯ ಮೇಲೆ ಈಗ ಬರೀ ಹಲಗೆ. ನೆಲದ ತುಂಬ ಬಿರುಕು, ಕಿಟಕಿ ಒಂದೂ ಇಲ್ಲ.

"ಹಂಗಾದ್ರ ಎರಡು ಕಿಡಕಿ ಒಡಸಿ, ಒಂದು ಫ್ಯಾನ್ ಹಚ್ಚಸ್ರಿ. ಆತಲ್ಲ!" ಎಂದಳು ಅಕ್ಷತಾ.

"ಪುರಾವೆ ಇಲ್ಲದೇ ಗ್ವಾಡಿ ಮುಟ್ಟಾಂವಲ್ಲ ನಾ! ವಿಜ್ಞಾನ ಮಾಸ್ತರ ಅದೇನಿ!"

ಅಂಚೆಯಲ್ಲಿ ಪರೀಕ್ಷೆಯ ಡಬ್ಬಿ ಬಂತು. ಒಳಗೆ ಕಪ್ಪನೆಯ ಇದ್ದಿಲು ಪುಡಿ. ಮುಚ್ಚಳ ತೆಗೆದು ಮೂರು ದಿನ ಖೋಲಿಯಲ್ಲಿಡಬೇಕು, ಪುಡಿ ಅನಿಲ ಹೀರಿಕೊಳ್ಳುತ್ತದೆ, ಆಮೇಲೆ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿಯವರೆಗೆ ಮನೆಯ ಕದ, ಕಿಟಕಿ ಎಲ್ಲ ಬಂದ್! ಡಬ್ಬಿಯನ್ನು ತಾಯಿಯ ಹಾಸಿಗೆ ಪಕ್ಕದ ಗೂಡಿನಲ್ಲಿಟ್ಟು, ಮಾಸ್ತರರು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮನೆಗೆ ಚಿಲಕ ಜಡಿದರು.

"ಗ್ಯಾಸ್ ಹುಡುಕಾಕ ಹೋಗಿ ನಮ್ಮನ್ನ ಕುದಸಾಕತ್ತೀರಲ್ರೀ!" ಎಂದು ಅಕ್ಷತಾ ಸೆರಗಿನಿಂದ ಗಾಳಿ ಹಾಕಿಕೊಂಡಳು.

ಎರಡನೆಯ ದಿನ ಮೆಣಸಿನಕಾಯಿ ಒಗ್ಗರಣೆ ಬಿತ್ತು ನೋಡಿ, ಘಾಟಿಗೆ ಹೊರಹೋಗಲು ದಾರಿಯಿಲ್ಲ! ಮೂವರೂ ಕೆಮ್ಮಿ, ಸೀನಿ, ಗೊಳೋ ಎಂದು ಕಣ್ಣೀರು ಸುರಿಸಿದರು. ಸದ್ದು ಕೇಳಿ ನೆರೆಮನೆಯ ಹಣಮವ್ವ ಕದ ಬಡಿದಳು.

"ಅಯ್ಯ ಶಿವನ! ಹಾಲವ್ವ ಹೋದಳೇನೋ ಶಿವಯೋಗಿ?"

"ಯಾರೂ ಹೋಗಿಲ್ಲರಿ! ಕದ ಮಾತ್ರ ತೆಗಿಯಾಂಗಿಲ್ಲ!"

ಕದ ತೆಗೆಯದ ಮೇಲೆ ಓಣಿ ನಂಬೀತೇ? ಅರ್ಧ ತಾಸಿನಲ್ಲಿ ಇಪ್ಪತ್ತು ಮಂದಿ ಕಟ್ಟೆಯ ಮೇಲೆ ಕೂತು ಹಾಲವ್ವನ ಗುಣಗಾನ ಶುರುಮಾಡಿದರು. ಒಬ್ಬರು ಹೂವಿನ ಹಾರವನ್ನೂ ತಂದರು. ಹಾಲವ್ವ ಒಳಗಿನಿಂದಲೇ ಗುಡುಗಿದಳು, "ಇನ್ನೂ ಜೀವಂತ ಅದೇನಬೇ! ಆದ್ರ ಛಲೋ ಮಾತಾಡಾಕತ್ತೀರಿ, ಮುಂದುವರಸ್ರಿ!"

ಮೂರು ದಿನ ಮುಗಿಯಿತು. ಮಾಸ್ತರರು ವಿಜಯೋತ್ಸಾಹದಿಂದ ಡಬ್ಬಿ ಎತ್ತಿದರು. ತಳ ಥಳಥಳ ಹೊಳೆಯುತ್ತಿತ್ತು. ಪುಡಿ ನಾಪತ್ತೆ!

"ಅವ್ವಾ, ಇದರಾಗಿನ ಪುಡಿ?"

"ಮಿಶ್ರಿ ಅಲ್ಲೇನೋ ಅದು?" ಹಾಲವ್ವ ನಕ್ಕಳು. ಮಿಶ್ರಿಯೆಂದರೆ ಹುರಿದ ತಂಬಾಕಿನ ಪುಡಿ. ದಿನಕ್ಕೆ ಮೂರು ಸಲ ಅದರಿಂದ ಹಲ್ಲು ತಿಕ್ಕದಿದ್ದರೆ ಆಕೆಗೆ ದಿನ ಸಾಗದು. "ಮಗ ಭಾರಿ ಮಿಶ್ರಿ ತಂದಾನ ಅಂತ ತಿಕ್ಕಿದ್ದೇ ತಿಕ್ಕಿದ್ದು. ಹಲ್ಲು ಬೆಳ್ಳಗಾದ್ವು ಖರೆ. ಆದ್ರ ಸಪ್ಪಗೈತೋ, ತಲಿಗೇ ಹತ್ತಲಿಲ್ಲ!"

ಮಾಸ್ತರರು ತಲೆ ಮೇಲೆ ಕೈಹೊತ್ತು ಕೂತರು. "ಇನ್ನೊಂದು ಡಬ್ಬಿ ತರಸ್ತೇನಿ. ಮತ್ತ ಮೂರು ದಿನ ಕದ ಹಾಕೂಣು."

"ಹಾಕ್ರಿ. ನಾ ಸಾವಳಗಿ ತವರಮನ್ಯಾಗ ಇರ್ತೇನಿ," ಎಂದಳು ಅಕ್ಷತಾ.

ಹಾಲವ್ವ ಕೈ ಎತ್ತಿದಳು. "ಜಗಳ ಬ್ಯಾಡ. ನಾ ಆ ಖೋಲಿ ಬಿಟ್ಟು ಮುಂದಿನ ಖೋಲಿಯಾಗ ಮಲಗ್ತೇನಿ."

ಮಾಸ್ತರರ ಮುಖ ಅರಳಿತು. ತಾಯಿಯ ಉಸಿರು ಉಳಿಯಿತು, ಪ್ರತಿಜ್ಞೆ ಗೆದ್ದಿತು! ಆದರೆ ಮೂರು ಕಿಟಕಿಯ, ತಂಪು ಗಾಳಿಯ ಆ ಮುಂದಿನ ಖೋಲಿ ತಾವು ಮಲಗುವುದೇ ಎಂಬುದು ಹೊಳೆಯುವಷ್ಟರಲ್ಲಿ ಹಾಲವ್ವ ತಲೆದಿಂಬು ತಂದು ಇಟ್ಟೇಬಿಟ್ಟಿದ್ದಳು.

ಗತ್ಯಂತರವಿಲ್ಲದೆ ಮಾಸ್ತರರು ಹಾಸಿಗೆ ಸುತ್ತಿಕೊಂಡು ಹಿಂದಿನ ಖೋಲಿಗೆ ಹೋದರು. ನೆಲದ ಬಿರುಕು ನೋಡಿದರು. ಹಲಗೆ ನೋಡಿದರು. ವಾಸನೆಯೇ ಇಲ್ಲದ ಅನಿಲವನ್ನು ಎರಡು ಸಲ ಮೂಸಿಯೂ ನೋಡಿದರು. ಮರುಕ್ಷಣ ಚಪ್ಪಲಿ ಮೆಟ್ಟದೆ ಓಡಿದವರು ಗೋಡೆ ಕಟ್ಟುವ ಗೌಂಡಿ ಭೀಮಪ್ಪನ ಕೈಹಿಡಿದೇ ಎಳೆತಂದರು. ಸಂಜೆಯಷ್ಟರಲ್ಲಿ ಗೋಡೆಗೆ ಎರಡು ಕಂಡಿ ಬಿದ್ದವು, ಬಿರುಕುಗಳಿಗೆ ಸಿಮೆಂಟು ಮೆತ್ತಾಯಿತು, ಗಾಳಿ ಹೊರಗೆಳೆಯುವ ಫ್ಯಾನು ಗಿರ್ರನೆ ತಿರುಗಿತು.

ಹೊಸ ಕಂಡಿಯಲ್ಲಿ ಮುಖವಿಟ್ಟು ಹಾಲವ್ವ ಬೆಳ್ಳನೆಯ ಹಲ್ಲು ಬಿಟ್ಟಳು. "ಏನ್ ಹುಷಾರಿ ಗ್ಯಾಸೋ ಮಗನ! ನಾ ನಲವತ್ತು ವರ್ಷ ಮಲಗಿದ್ರೂ ಹೊರಗ ಬರಲಿಲ್ಲ. ನೀ ಹಾಸಗಿ ಹಾಸಿದ್ದೇ ತಡ, ಗ್ವಾಡಿ ಒಡಕೊಂಡು ಓಡೇಬಿಡ್ತು!"