ಕಷಾಯದ ಚರಟ ತುಳಿದವರು

ರಾತ್ರಿ ಎರಡು ಗಂಟೆಗೆ ‘ಗುರ್‌ರ್’ ಎಂದು ಸಣ್ಣ ಸದ್ದಾಯಿತು. ಬೆಕ್ಕಿರಬೇಕೆಂದು ಗುಯಿಷಿಯಾಂಗ್ ಚಪ್ಪಲಿ ಕೈಗೆತ್ತಿಕೊಂಡಳು. ಸದ್ದು ಬಂದದ್ದು ಗಂಡನ ಹೊಟ್ಟೆಯಿಂದ.

ಹಬೆಯಲ್ಲಿ ತಿಂಡಿ ಬೇಯಿಸುವ ಬಿದಿರಿನ ಬುಟ್ಟಿ ಹೆಣೆಯುವ ಷೂ ಮಾವ್‌ಲಿನ್‌ಗೆ ನಾಲ್ಕು ದಿನದಿಂದ ಅನ್ನ ಕಂಡರೆ ಆಗುತ್ತಿರಲಿಲ್ಲ. ಹೊಟ್ಟೆ ಡೋಲಿನಂತೆ ಊದಿತ್ತು. ಬೆಳಗಾದರೆ ಥಾಂಗ್ ಸಾಹುಕಾರನ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಕರೆ. ಹೊಟ್ಟೆ ತುಂಬ ತಿನ್ನದವನ ಜೊತೆ ಆತ ವ್ಯಾಪಾರ ಮಾಡುವವನಲ್ಲ. ಮುನ್ನೂರು ಬುಟ್ಟಿಯ ಆರ್ಡರು ಈ ಹೊಟ್ಟೆಯ ಮೇಲೆ ನಿಂತಿತ್ತು.

ಬೆಳಿಗ್ಗೆ ಪಕ್ಕದ ಮನೆಯ ಪಾಂಗ್ ಅಜ್ಜಿ ಮಡಕೆ ಸಮೇತ ಬಂದಳು. ಒಣಗಿದ ಹುಳಿಹಣ್ಣಿನ ಕೆಂಪು ಬಿಲ್ಲೆ, ಹುರಿದ ಮೊಳಕೆ ಬಾರ್ಲಿ, ಹಳೆಯ ಕಿತ್ತಳೆ ಸಿಪ್ಪೆ, ಕೋಳಿಯ ಜಠರದ ಒಳಪೊರೆ ಎಲ್ಲ ಒಟ್ಟಿಗೆ ಕುದಿದವು.

“ಅಜ್ಜೀ, ವಾಸನೆಗೇ ವಾಂತಿ ಬರತ್ತೆ!”

“ಮೂಗು ಮುಚ್ಕೊಂಡು ಕುಡಿಯೋ. ಮದುವೆ ದಿನಾನೂ ಹೀಗೇ ಮುಖ ಮಾಡಿದ್ದೆ. ಕುಡಿದ್ಮೇಲೆ ಚರಟಾನ ಬೀದೀಲಿ ಚೆಲ್ಲು. ತುಳಿದೋರು ನಿನ್ನ ಕಾಯಿಲೆ ಹೊತ್ಕೊಂಡು ಹೋಗ್ತಾರೆ.”

ಮಾವ್‌ಲಿನ್ ಕುಡಿದು, ಚರಟ ಬೀದಿಗೆ ಚೆಲ್ಲಿ, ಬಾಗಿಲ ಸಂದಿಯಿಂದ ಇಣುಕಿದ. ಮೊದಲು ಬಂದವನು ಥಾಂಗ್ ಸಾಹುಕಾರನೇ!

“ಷೂ ಅಣ್ಣಾ! ನೋಡು, ಜೀವಂತ ಮೀನು, ನಿನಗೋಸ್ಕರ!” ಎನ್ನುತ್ತ ಆತ ಚರಟದ ಮೇಲೆ ಎರಡೂ ಬೂಟು ಊರಿ ನಿಂತ.

“ಸಾಹುಕಾರ್ರೇ, ಸ್ವಲ್ಪ ಈಚೆ ಬನ್ನಿ.”

“ಯಾಕಯ್ಯಾ?”

“ಬಿಸಿಲು...”

ಆಕಾಶದ ತುಂಬ ಮೋಡವಿತ್ತು.

ಹನ್ನೊಂದರ ಹೊತ್ತಿಗೆ ಮಾವ್‌ಲಿನ್‌ಗೆ ಎಂಥ ಹಸಿವೆಂದರೆ, ಕೈಯಲ್ಲಿದ್ದ ಬಿದಿರೂ ರುಚಿಯಾಗಿ ಕಂಡಿತು. ಹೋಟೆಲಿಗೆ ಓಡಿದ. ಅಲ್ಲಿ ಸಾಹುಕಾರ ಹೊಟ್ಟೆ ಹಿಡಿದು ಕೂತಿದ್ದ. ಮೇಜಿನ ಮೇಲಿದ್ದದ್ದು ಬಿಳಿ ಗಂಜಿ.

“ಮೀನಿನ ಹೆಸರೆತ್ತಿದ್ರೂ ಇವರಿಗೆ ಹೊಟ್ಟೆ ತೊಳೆಸತ್ತೆ,” ಎಂದಳು ಸಾಹುಕಾರನ ಹೆಂಡತಿ. “ಯಾವ ದರಿದ್ರದವನ ಚರಟಾನೋ, ಬೂಟಿಗೆ ಬಾರ್ಲಿ ಮೆತ್ಕೊಂಡಿತ್ತು! ನಾನೂ ಈಗಷ್ಟೇ ಕಷಾಯ ಕುಡಿಸಿದೀನಿ.”

ಮಾವ್‌ಲಿನ್ ತಲೆಯೆತ್ತದೆ ಆರು ಬಟ್ಟಲು ಗಂಜಿ ಕುಡಿದ.

“ಗಂಜೀನೇ ಹೀಗೆ ಕುಡಿಯೋನು ಮೀನು ಬಿಡ್ತೀಯಾ?” ಸಾಹುಕಾರ ನರಳುತ್ತಲೇ ನಕ್ಕ. “ನಾಳೆ ಬಾ. ಮೀನು ತಿಂದು ಆರ್ಡರಿಗೆ ರುಜು ಹಾಕೋಣ.”

ಮಾವ್‌ಲಿನ್ ಹಿಗ್ಗಿನಿಂದ ಹೊರಬಂದು ಬೀದಿಗೆ ಕಾಲಿಟ್ಟ. ಕಾಲಡಿಯಲ್ಲಿ ಪಿಚಕ್ಕೆಂದಿತು. ಇನ್ನೂ ಬೆಚ್ಚಗಿದ್ದ ಬಾರ್ಲಿ, ಕೆಂಪು ಬಿಲ್ಲೆ, ಕಿತ್ತಳೆ ಸಿಪ್ಪೆ.

ಹಿಂದೆಯೇ ಸಾಹುಕಾರನ ದನಿ ಕೇಳಿಸಿತು, ಎಂದಿನಂತೆ ಗಟ್ಟಿಯಾಗಿ: “ಷೂ ಅಣ್ಣಾ, ನಿಲ್ಲು! ಇದ್ದಕ್ಕಿದ್ದಂಗೆ ಹೊಟ್ಟೆ ಹಸೀತಿದೆ. ನಾಳೆ ಯಾಕೆ, ಮೀನು ಈಗಲೇ ತಿನ್ನೋಣ ಬಾ!”

‘ಗುರ್‌ರ್’ ಎಂದಿತು ಮಾವ್‌ಲಿನ್‌ನ ಹೊಟ್ಟೆ.

ಮೀನಿನ ಮುಂದೆ ಅರ್ಧ ಗಂಟೆ ಕೂತರೂ ಒಂದು ತುತ್ತೂ ಇಳಿಯಲಿಲ್ಲ. ಆರ್ಡರು ಪಕ್ಕದೂರಿನ ಬುಟ್ಟಿಯವನಿಗೆ ಹೋಯಿತು.

“ಏನಾಯ್ತು ರೀ?” ಎಂದಳು ಗುಯಿಷಿಯಾಂಗ್. ಅವಳ ಹಿಂದೆ ಪಾಂಗ್ ಅಜ್ಜಿ ಮಡಕೆ ಹಿಡಿದು ನಿಂತಿದ್ದಳು.

“ಏನಿಲ್ಲ,” ಎಂದ ಮಾವ್‌ಲಿನ್. ಮನೆಯ ಹಿಂದಿನ ಕಾಲುವೆಯ ಮೆಟ್ಟಿಲಲ್ಲಿ ಕೂತು ಬೂಟಿನ ಅಟ್ಟೆಯಿಂದ ಒಂದೊಂದೇ ಬಾರ್ಲಿ ಕಾಳು ಕೀಳುತ್ತ, ತಾನು ತುಳಿದ ಚರಟದ ಸುದ್ದಿಯನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿದ.